24 ವರ್ಷದಿಂದ ಅದೇ ಮೈಕ್: ಶೂರ್ ಎಸ್‌ಎಂ58, ಒಬ್ಬ ಮೊಬೈಲ್ ಡಿಜೆ ಕಂಡ ಹಾಗೆ

ಡಿಜೆ ಸಾಮಾನಿನ ರಿವ್ಯೂ ಅಂದರೆ ಎಲ್ಲರೂ ಸ್ಪೀಕರ್ ಬಗ್ಗೆ ಬರೆಯುತ್ತಾರೆ, ಕಂಟ್ರೋಲರ್ (ಲ್ಯಾಪ್‌ಟಾಪ್‌ನಲ್ಲಿರುವ ಹಾಡುಗಳನ್ನು ನಡೆಸುವ ಗುಂಡಿಗಳ ಹಲಗೆ) ಬಗ್ಗೆ ಬರೆಯುತ್ತಾರೆ, ಲೈಟ್ ಬಗ್ಗೆ ಬರೆಯುತ್ತಾರೆ. ನಾನು ಮೊಬೈಲ್ ಡಿಜೆ, ಅಂದರೆ ಸಾಮಾನು ಹೊತ್ತು ಮದುವೆ, ಹುಟ್ಟುಹಬ್ಬಗಳಿಗೆ ಹೋಗಿ ಹಾಡು ಹಾಕುವವನು. ನಾನು ಮೈಕ್ ಬಗ್ಗೆ ಬರೆಯುತ್ತೇನೆ. 2001ರಲ್ಲಿ ತೆಗೆದುಕೊಂಡ ಶೂರ್ ಎಸ್‌ಎಂ58 ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹಿಡಿಯುವ ಜಾಗದಲ್ಲಿ ಬಣ್ಣ ಸವೆದು ಲೋಹ ಕಾಣುತ್ತದೆ. ಜಾಲರಿ ಒಂದು ಕಡೆ ಚಪ್ಪಟೆಯಾಗಿದೆ, ಅದು ಯಾರದೋ ಹುಟ್ಟುಹಬ್ಬದಲ್ಲಿ ಒಬ್ಬ ಹುಡುಗ ಹಾಡಿದ ಮೇಲೆ ಜೋಶ್‌ನಲ್ಲಿ ನೆಲಕ್ಕೆ ಎಸೆದಾಗ ಆಗಿದ್ದು. ಸಿನಿಮಾದಲ್ಲಿ ನೋಡಿದ್ದನಂತೆ. ಮೈಕ್ ಎತ್ತಿಕೊಂಡು "ಹಲೋ" ಅಂದೆ, ಕೆಲಸ ಮಾಡುತ್ತಿತ್ತು. ಮುಂದಿನ ಹಾಡು ಹಾಕಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಡೈನಮಿಕ್ ಮೈಕ್. ಒಳಗೆ ಬ್ಯಾಟರಿ ಇಲ್ಲ, ಮಿಕ್ಸರ್‌ನಿಂದ (ಮೈಕ್, ಹಾಡು ಎಲ್ಲದರ ಸದ್ದನ್ನು ಬೆರೆಸುವ ಯಂತ್ರ) ಕೇಬಲ್‌ನಲ್ಲೇ ಬರುವ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್ ಕೂಡ ಬೇಡ. ಎಷ್ಟೋ ಡಿಜೆ ಮಿಕ್ಸರ್‌ಗಳಲ್ಲಿ ಆ 48 ವೋಲ್ಟ್ ಇರುವುದೇ ಇಲ್ಲ, ಅದಕ್ಕೆ ಆ ಕರೆಂಟ್ ಬೇಕಾಗುವ ಕಂಡೆನ್ಸರ್ ಮೈಕ್ ತಂದವರು ಪೇಚಾಡುವುದನ್ನು ನೋಡಿದ್ದೇನೆ. ತೂಕ 298 ಗ್ರಾಂ. 50ರಿಂದ 15,000 ಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ಮಾರುಕಟ್ಟೆಗೆ ಬಂದಿದ್ದು 1966ರಲ್ಲಿ. ಹೆಸರಿನಲ್ಲಿರುವ ಎಸ್‌ಎಂ ಅಂದರೆ ಸ್ಟುಡಿಯೊ ಮೈಕ್ರೊಫೋನ್, ಆದರೆ ತಮಾಷೆ ನೋಡಿ, ಹೆಸರು ಮಾಡಿದ್ದೆಲ್ಲಾ ವೇದಿಕೆ ಮೇಲೆ.

ಈ ಒಂದು ಮೈಕ್ ಇರುವಷ್ಟು ಹೊತ್ತಿನಲ್ಲಿ ನನ್ನ ಟೇಬಲ್ ಮೇಲೆ ಉಳಿದದ್ದೆಲ್ಲಾ ಎಷ್ಟು ಸಲ ಬದಲಾಯಿತು ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಮೊದಲು ಕ್ಯಾಸೆಟ್ ಡೆಕ್ ಎರಡು ಮತ್ತು ಸೆಕೆಂಡ್ ಹ್ಯಾಂಡ್ ಟೆಕ್ನಿಕ್ಸ್ ಎಸ್‌ಎಲ್-1200 ರೆಕಾರ್ಡ್ ಪ್ಲೇಯರ್ ಜೋಡಿ. ಅದು ಒಂದೊಂದೂ ಹತ್ತು ಕಿಲೋ ಮೇಲೆ, ಜೊತೆಗೆ ರೆಕಾರ್ಡ್ ಪೆಟ್ಟಿಗೆಗಳು, ಮೂರನೇ ಮಹಡಿಯ ಹಾಲ್‌ಗೆ ಲಿಫ್ಟ್ ಇಲ್ಲ ಅಂದರೆ ಆ ದಿನದ ಸೊಂಟ ಅಲ್ಲಿಗೆ ಮುಗಿಯಿತು. ಆಮೇಲೆ ಸಿಡಿ. 2001ರಲ್ಲಿ ಡಿಜೆಗಳಿಗೆಂದೇ ಮಾಡಿದ ಸಿಡಿ ಪ್ಲೇಯರ್ ಪಯೊನಿಯರ್ ಸಿಡಿಜೆ-1000 ಬಂತು, ಮೇಲಿನ ತಟ್ಟೆ ಮುಟ್ಟಿದರೆ ರೆಕಾರ್ಡ್ ಮುಟ್ಟಿದ ಹಾಗೇ ಕೇಳುತ್ತಿತ್ತು, ಎಲ್ಲರೂ ಬೆರಗಾದೆವು. ನಾನು ಕೊಂಡಿದ್ದು ಅದಾಗಿ ಮೂರು ವರ್ಷಕ್ಕೆ, ಅದೂ ಹಳೆಯದು. ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಕಂಟ್ರೋಲರ್, ಈಗ ಬೆರಳುದ್ದದ ಯುಎಸ್‌ಬಿ. ಟೆಕ್ನಿಕ್ಸ್‌ನವರು 2010ರಲ್ಲಿ 1200 ತಯಾರಿಸುವುದನ್ನು ನಿಲ್ಲಿಸಿದರು, ಅಷ್ಟರಲ್ಲಿ ನಾನು ನನ್ನ ಜೋಡಿಯನ್ನು ಸಿಕ್ಕಿದ ಬೆಲೆಗೆ ಮಾರಿಯಾಗಿತ್ತು. 2016ರಲ್ಲಿ ಅದು ವಾಪಸ್ ಬಂತು. ಆ ವಿಷಯ ಈಗ ಬೇಡ ಬಿಡಿ.

ಮೈಕ್ ಮಾತ್ರ ಅದೇ.

ಇಷ್ಟು ವರ್ಷ ಈ ಲೈನ್‌ನಲ್ಲಿ ಹೇಗೆ ಉಳಿದೆ ಅಂತ ಹೊಸ ಹುಡುಗರು ಕೇಳುತ್ತಾರೆ. ಕೇಳುವಾಗ ಅವರ ಕಣ್ಣು ಕಂಟ್ರೋಲರ್ ಮೇಲೆ ಇರುತ್ತದೆ, ಯಾವ ಮಾಡೆಲ್ ಅಂತ ನೋಡುತ್ತಿರುತ್ತಾರೆ. ನಾನು ಶುರು ಮಾಡಿದಾಗ ಹಾಡು ನನ್ನ ಹತ್ತಿರ ಇತ್ತು, ಜನರ ಹತ್ತಿರ ಇರಲಿಲ್ಲ. ಅದಕ್ಕೇ ಕರೆಯುತ್ತಿದ್ದರು. ಈಗ ಎಲ್ಲರ ಜೇಬಿನಲ್ಲೂ ಎಲ್ಲ ಹಾಡೂ ಇದೆ, ಬೀಟ್ ಸೇರಿಸುವ ಕೆಲಸವನ್ನು ಒಂದು ಗುಂಡಿ ಮಾಡುತ್ತದೆ. ಹಾಗಿದ್ದರೂ ನನ್ನನ್ನು ಯಾಕೆ ಕರೆಯುತ್ತಾರೆ? ಪುಸ್ತಕದಲ್ಲಿ ಪ್ರತಿ ಬುಕಿಂಗ್ ಎದುರಿಗೆ "ಯಾರಿಂದ ಗೊತ್ತಾಯಿತು" ಅಂತ ಬರೆದಿಡುವ ಚಾಳಿ ನನಗಿದೆ. ಒಂದು ಸಲ ಕೂತು ತಿರುವಿ ನೋಡಿದೆ. "ಆ ಮದುವೆಯಲ್ಲಿ ನೀವು ಚೆನ್ನಾಗಿ ಮಾತಾಡಿದಿರಿ", "ಅಪ್ಪನ ಭಾಷಣ ಎಲ್ಲರಿಗೂ ಕೇಳಿಸಿತು", "ಗಲಾಟೆ ಇಲ್ಲದೆ ನಡೆಸಿಕೊಟ್ಟಿರಿ" ಇಂಥವೇ ಜಾಸ್ತಿ. ಮಿಕ್ಸಿಂಗ್ ಸೂಪರ್ ಅಂದವರು ಬೆರಳೆಣಿಕೆ, ಅವರಲ್ಲಿ ಇಬ್ಬರು ಸ್ವತಃ ಡಿಜೆಗಳು. ಸ್ವಲ್ಪ ಬೇಜಾರಾಯಿತು, ನಿಜ ಹೇಳುತ್ತೇನೆ. ಮನೆಯಲ್ಲಿ ರಾತ್ರಿಯೆಲ್ಲಾ ಕೂತು ಪ್ರಾಕ್ಟೀಸ್ ಮಾಡಿದ್ದು ಅದನ್ನಲ್ವಾ.

ಮಾತಿನ ವಿಷಯ ಬಂತಲ್ಲ, ನನ್ನ ಅತಿ ಕೆಟ್ಟ ಸಂಜೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಶುರುವಿನ ವರ್ಷಗಳು. ಮದುಮಕ್ಕಳು ಒಳಗೆ ಬರುವ ಹೊತ್ತು. ಲೈಟ್ ಇಳಿಸಿದ್ದೇನೆ, ಹಾಡು ಕಟ್ಟಿ ನಿಲ್ಲಿಸಿದ್ದೇನೆ, ಬಾಗಿಲು ತೆರೆಯಿತು, ದೊಡ್ಡ ದನಿಯಲ್ಲಿ ಹೆಸರು ಕೂಗಿದೆ. ವಧುವಿನ ಹೆಸರಲ್ಲ, ಅವಳ ತಂಗಿಯ ಹೆಸರು. ಆ ತಂಗಿಯೇ ನನಗೆ ಫೋನ್ ಮಾಡಿ ಎಲ್ಲಾ ಗೊತ್ತು ಮಾಡಿದ್ದಳು, ಹಾಗಾಗಿ ನನ್ನ ಚೀಟಿಯಲ್ಲಿ ಮೇಲೆ ಅವಳ ಹೆಸರೇ ಇತ್ತು. ಮೈಕ್ ಎಷ್ಟು ಚೆನ್ನಾಗಿತ್ತು ಅಂದರೆ ಕೊನೆಯ ಸಾಲಿನವರಿಗೂ ಪ್ರತಿ ಅಕ್ಷರ ಸ್ಪಷ್ಟವಾಗಿ ಕೇಳಿಸಿತು. ಆವತ್ತಿನಿಂದ ಕೂಗಬೇಕಾದ ಹೆಸರುಗಳಿಗೇ ಬೇರೆ ಕಾರ್ಡ್, ದಪ್ಪ ಅಕ್ಷರ, ಮನೆಯವರು ಉಚ್ಚರಿಸುವ ಹಾಗೇ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಮನೆಯವರೊಬ್ಬರ ಮುಂದೆ ಓದಿ ತೋರಿಸುತ್ತೇನೆ. ಸುಮ್ನೆ ತೋರಿಕೆಗಲ್ಲ, ಈಗಲೂ ವರ್ಷಕ್ಕೆ ನಾಲ್ಕೈದು ಸಲ ತಪ್ಪು ಸಿಗುತ್ತದೆ.

ಮೈಕ್‌ಗೆ ವಾಪಸ್ ಬರುತ್ತೇನೆ. ಇದರ ನಿಜವಾದ ಗುಣ ಗೊತ್ತಾಗುವುದು ನಾನು ಮಾತಾಡುವಾಗ ಅಲ್ಲ, ಮೈಕ್ ಹಿಡಿದು ಗೊತ್ತಿಲ್ಲದವರು ಮಾತಾಡುವಾಗ. ಒಂದು ಸಲ ವಯಸ್ಸಾದ ತಾತ ಒಬ್ಬರು ಮೊಮ್ಮಗಳ ಬಗ್ಗೆ ಎರಡು ಮಾತು ಆಡಬೇಕು ಅಂದರು. ಕೈ ನಡುಗುತ್ತಿತ್ತು. ಮೈಕನ್ನು ಹೊಟ್ಟೆಯ ಹತ್ತಿರ ಹಿಡಿದರು, ದನಿ ಮೊದಲೇ ಸಣ್ಣದು. ಬಾಯಿಗೂ ಮೈಕಿಗೂ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಇವರದ್ದು ಎಂಟು ಪಟ್ಟು ದೂರ. ಅಂದರೆ 18 ಡೆಸಿಬೆಲ್ ಹೋಯಿತು. ಅದನ್ನು ನಾಬ್ ತಿರುಗಿಸಿ ತುಂಬಲು ಹೋದರೆ ಸ್ಪೀಕರ್‌ನ ಸದ್ದು ಮತ್ತೆ ಮೈಕಿಗೇ ನುಗ್ಗಿ ಕುಂಯ್ ಅನ್ನುತ್ತದೆ, ತಾತ ಬೆಚ್ಚಿಬೀಳುತ್ತಾರೆ, ಭಾಷಣ ಅಲ್ಲಿಗೆ ಮುಗಿಯುತ್ತದೆ. ನಾಬ್ ಮುಟ್ಟಲಿಲ್ಲ. ಹೋಗಿ ಅವರ ಪಕ್ಕ ನಿಂತು, ಮೊಣಕೈ ಕೆಳಗೆ ನನ್ನ ಕೈ ಕೊಟ್ಟು, ಮೈಕನ್ನು ಗದ್ದದ ಹತ್ತಿರ ತಂದು ಹಾಗೇ ಹಿಡಿದುಕೊಂಡೆ. ನಾಲ್ಕು ನಿಮಿಷ ಮಾತಾಡಿದರು. ಕೈ ನಡುಗಿದ ಸದ್ದು ಸ್ಪೀಕರ್‌ನಲ್ಲಿ ಬರಲಿಲ್ಲ, ಯಾಕೆಂದರೆ ಇದರ ಒಳಗಿನ ಕ್ಯಾಪ್ಸೂಲ್ (ದನಿ ಹಿಡಿಯುವ ಭಾಗ) ಗಾಳಿಯ ಮೆತ್ತೆ ಇರುವ ಶಾಕ್ ಮೌಂಟ್ ಮೇಲೆ ಕೂತಿದೆ, ಹಿಡಿಕೆಯ ಗರಗರ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಆ ಮನೆಯಿಂದ ಆಮೇಲೆ ಐದು ಕಾರ್ಯಕ್ರಮ ಬಂದವು. ಆ ಮೊಮ್ಮಗಳ ಮಗಳ ಹುಟ್ಟುಹಬ್ಬವನ್ನೂ ಮಾಡಿಕೊಟ್ಟೆ.

ಇನ್ನೊಂದು ಬಗೆಯವರು ಇದ್ದಾರೆ, ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರು. ರ‍್ಯಾಪ್ ಮಾಡುವವರನ್ನು ನೋಡಿ ಕಲಿತದ್ದು. ಇದು ಕಾರ್ಡಿಯಾಯ್ಡ್ ಮೈಕ್, ಮುಂದಿನಿಂದ ಬಂದ ಸದ್ದನ್ನು ಹಿಡಿದು ಹಿಂದಿನಿಂದ ಬಂದದ್ದನ್ನು ಬಿಡುತ್ತದೆ. ಆ ಬಿಡುವ ಕೆಲಸ ನಡೆಯುವುದು ಕ್ಯಾಪ್ಸೂಲಿನ ಹಿಂದೆ ಇರುವ ಕಿಂಡಿಗಳಿಂದ. ಕೈಯಿಂದ ಅದನ್ನು ಮುಚ್ಚಿದರೆ ಮೈಕಿಗೆ ಹಿಂದೆ ಮುಂದೆ ಎನ್ನುವುದೇ ತಿಳಿಯುವುದಿಲ್ಲ, ಎಲ್ಲಾ ಕಡೆಯಿಂದ ಸದ್ದು ನುಂಗುತ್ತದೆ, ತಕ್ಷಣ ಕೂಗಲು ಶುರು. ಜನ ಡಿಜೆಯ ಮುಖ ನೋಡುತ್ತಾರೆ. ಅದಕ್ಕೆ ಕೈಗೆ ಕೊಡುವಾಗಲೇ ನಡುವಿನ ಹಿಡಿಕೆಯನ್ನು ಅವರ ಬೆರಳಿಗೆ ಸೇರಿಸಿ ಕೊಡುತ್ತೇನೆ, "ಸ್ಪೀಕರ್ ಮುಂದೆ ಹೋಗಬೇಡಿ" ಅಂತ ಒಂದೇ ವಾಕ್ಯ ಹೇಳುತ್ತೇನೆ. ಎರಡು ವಾಕ್ಯ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ತುಂಬಾ ಹತ್ತಿರ ಹಿಡಿದರೂ ಒಂದು ತೊಂದರೆ. ತುಟಿ ತಾಗುವಷ್ಟು ಹತ್ತಿರ ಬಂದರೆ 100 ಹರ್ಟ್ಸ್ ಕೆಳಗಿನ ಬಾಸ್ 6ರಿಂದ 10 ಡೆಸಿಬೆಲ್ ಏರುತ್ತದೆ. ಎಫ್‌ಎಂ ರೇಡಿಯೊ ದನಿ ಬರುತ್ತದೆ ಅಂತ ಹೊಸಬರಿಗೆ ಖುಷಿ. ನಿಮ್ಮ ಹೆಡ್‌ಫೋನ್‌ನಲ್ಲಿ ಚೆನ್ನಾಗಿರುತ್ತದೆ, ಸಬ್‌ವೂಫರ್ ಇರುವ ಹಾಲ್‌ನಲ್ಲಿ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಮೈಕ್ ಚಾನಲ್‌ನಲ್ಲಿ ಲೋ ಕಟ್ (ಕೆಳಗಿನ ದನಿ ಕತ್ತರಿಸುವ ಗುಂಡಿ) ಹಾಕಿ, ಅದಿಲ್ಲದಿದ್ದರೆ ಬಾಸ್ ನಾಬ್ ಅರ್ಧಕ್ಕಿಂತ ಕೆಳಗೆ ಇಳಿಸಿ. ಮೇಲಿನ ದನಿಯನ್ನು (ಟ್ರೆಬಲ್) ಮುಟ್ಟಬೇಡಿ. 5,000 ಹರ್ಟ್ಸ್ ಸುತ್ತಮುತ್ತ ಇದರಲ್ಲೇ ಒಂದು ಉಬ್ಬು ಇದೆ, ಮಾತು ಸಂಗೀತದ ಮೇಲೆ ತೇಲುವುದು ಅದರಿಂದಲೇ.

ಈಗ ದೂರುಗಳು. ಇದರ ಔಟ್‌ಪುಟ್, ಅಂದರೆ ಹೊರಗೆ ಕೊಡುವ ಸಿಗ್ನಲ್, ಕಡಿಮೆ. ಒಳ್ಳೆಯ ಮಿಕ್ಸರ್ ಇದ್ದರೆ ಗೊತ್ತೇ ಆಗುವುದಿಲ್ಲ, ಆದರೆ ಅಗ್ಗದ ಕಂಟ್ರೋಲರ್‌ಗಳಲ್ಲಿ ಮೈಕ್ ಇನ್‌ಪುಟ್ ಅನ್ನುವುದು ಕೊನೆಗೆ ನೆನಪಾಗಿ ಕೊರೆದ ತೂತು. ಮೈಕಿನ ಸಿಗ್ನಲ್ ಏರಿಸುವ ಗೇನ್ ನಾಬ್ ಪೂರ್ತಿ ತಿರುಗಿಸಿದರೂ ದನಿ ಏಳುವುದಿಲ್ಲ, ಜೊತೆಗೆ ಸರ್ ಅನ್ನುವ ಸದ್ದು. ನಾನು ಎಷ್ಟೋ ವರ್ಷದಿಂದ ಮೈಕನ್ನು ಕಂಟ್ರೋಲರ್‌ಗೆ ಕೊಡುವುದೇ ಇಲ್ಲ. ಪಕ್ಕದಲ್ಲಿ ನಾಲ್ಕು ಚಾನಲ್‌ನ ಸಣ್ಣ ಮಿಕ್ಸರ್ ಇಟ್ಟು, ಮೈಕ್ ಅದಕ್ಕೆ, ಕಂಟ್ರೋಲರ್ ಕೂಡ ಅದಕ್ಕೆ, ಅಲ್ಲಿಂದ ಸ್ಪೀಕರ್‌ಗೆ. ಇದರಿಂದ ಇನ್ನೊಂದು ಲಾಭ: ಲ್ಯಾಪ್‌ಟಾಪ್ ನಡುವೆ ಕೈಕೊಟ್ಟರೂ ಮೈಕ್ ಜೀವಂತ ಇರುತ್ತದೆ. ಹಾಡು ನಿಂತಾಗ "ಎರಡು ನಿಮಿಷ ಕೊಡಿ" ಅಂತ ಹೇಳಲು ದನಿ ಇದ್ದರೆ ಜನ ನಗುತ್ತಾ ಕಾಯುತ್ತಾರೆ. ದನಿ ಇಲ್ಲದಿದ್ದರೆ ನಿಮ್ಮ ಟೇಬಲ್ ಹತ್ತಿರ ಬರುತ್ತಾರೆ, ಸಲಹೆ ಕೊಡಲು.

ಸ್ವಿಚ್ ಇರುವುದು, ಇಲ್ಲದ್ದು ಎರಡೂ ಸಿಗುತ್ತವೆ. ಸ್ವಿಚ್ ಇರುವುದರ ಹೆಸರು ಎಸ್‌ಎಂ58ಎಸ್. ಅತಿಥಿಗಳ ಕೈಗೆ ಕೊಡುವವರು ಸ್ವಿಚ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ಜನರ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆಫ್ ಮಾಡಿಕೊಂಡು "ಮೈಕ್ ಬರುತ್ತಿಲ್ಲ" ಅಂತ ನಿಮ್ಮ ಕಡೆ ಕೈ ತೋರಿಸುತ್ತಾರೆ.

ವೈರ್‌ಲೆಸ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತ ಹೇಳುತ್ತಿಲ್ಲ, ನನ್ನ ಹತ್ತಿರವೂ ಇದೆ. ಆದರೆ ಒಂದು ಕಥೆ ಕೇಳಿ. 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಒಂದು ಸೆಟ್ ಕೊಂಡಿದ್ದೆ, ಕಂಪನಿ ಹೆಸರು ಬೇಡ. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡಿದಾಗ ಗೇಟಿನ ತನಕ ಹೋದರೂ ದನಿ ಗಟ್ಟಿ. ಸಂಜೆ ಮುನ್ನೂರು ಜನ ಬಂದರು, ಅವರ ಜೊತೆ ಮುನ್ನೂರಕ್ಕೂ ಜಾಸ್ತಿ ಫೋನ್ ಬಂದವು. ವೈಫೈ ಓಡುವುದೂ ಅದೇ ಬ್ಯಾಂಡ್‌ನಲ್ಲಿ (ತರಂಗಗಳ ಪಟ್ಟಿಯಲ್ಲಿ), ಸಾಲದು ಅಂತ ಮನುಷ್ಯರ ಮೈ ಆ ಸಿಗ್ನಲ್ ಹೀರಿಕೊಳ್ಳುತ್ತದೆ. ಭಾಷಣದ ನಡುವೆ ಮಾತು ತುಂಡು ತುಂಡಾಗಿ ಬಂತು. ಎಸ್‌ಎಂ58 ಅನ್ನು ಕೇಬಲ್ ಸಮೇತ ಎಳೆದುಕೊಂಡು ಓಡಿದೆ, ಟೇಬಲ್ ಕಾಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಮತ್ತೆ ಓಡಿದೆ. 2.4 ಗಿಗಾಹರ್ಟ್ಸ್‌ಗಿಂತ ಕೆಳಗಿನ ಯುಎಚ್‌ಎಫ್ ತರಂಗದ ಸೆಟ್ ಕೊಂಡರೂ ನಿಮ್ಮ ದೇಶದಲ್ಲಿ ಯಾವ ಬ್ಯಾಂಡ್‌ಗೆ ಅನುಮತಿ ಇದೆ ನೋಡಿಕೊಳ್ಳಿ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ 2010ರಲ್ಲಿ ಮೈಕ್‌ಗಳ ಕೈತಪ್ಪಿತು, ಆ ಬ್ಯಾಂಡಿನ ಸೆಟ್‌ಗಳನ್ನು ಬಳಸುವ ಹಾಗಿಲ್ಲ ಅಂತಾಯಿತು. ವೈರಿನ ಮೈಕ್‌ಗೆ ಆ ಗೋಳಿಲ್ಲ. ವೈರ್‌ಲೆಸ್ ಇದ್ದ ದಿನವೂ ಇದು ಎರಡನೇ ಚಾನಲ್‌ನಲ್ಲಿ ಸಿಕ್ಕಿಸಿಕೊಂಡು ಕೂತಿರುತ್ತದೆ.

ನಕಲಿ ವಿಷಯ ಹೇಳಲೇಬೇಕು. ಈ ಮೈಕ್‌ನ ನಕಲುಗಳು ತುಂಬಾ ಓಡಾಡುತ್ತವೆ. ಕೆಲವು ವರ್ಷದ ಹಿಂದೆ ಎರಡನೆಯದೊಂದು ಬೇಕಾಗಿ ಆನ್‌ಲೈನ್‌ನಲ್ಲಿ ಯಾರೋ ಮಾರುವವರ ಹತ್ತಿರ ತರಿಸಿದೆ. ಡಬ್ಬಿ ಅದೇ, ಚೀಲ ಅದೇ, ಸ್ಟಿಕ್ಕರ್ ಕೂಡ ಅದೇ. ಕೈಗೆ ತೆಗೆದುಕೊಂಡಾಗ ಮಾತ್ರ ಏನೋ ಸರಿ ಇಲ್ಲ ಅನ್ನಿಸಿತು. ಹಳೆಯದನ್ನು ಎಡಗೈಯಲ್ಲಿ, ಹೊಸದನ್ನು ಬಲಗೈಯಲ್ಲಿ ಹಿಡಿದು ನೋಡಿದೆ, ಆಮೇಲೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಇಟ್ಟೆ. 240 ಗ್ರಾಂ ಚಿಲ್ಲರೆ. ಬಿಚ್ಚಿ ನೋಡಿದರೆ ಹಿಡಿಕೆಯೊಳಗೆ ಇರಬೇಕಾದ ಟ್ರಾನ್ಸ್‌ಫಾರ್ಮರ್ ಇಲ್ಲ, ಬರೀ ಎರಡು ತಂತಿ. ದನಿ ತಗಡು ತಗಡು. ಹಣ ವಾಪಸ್ ಬರಲು ಆರು ವಾರ ಬಡಿದಾಡಿದೆ. ಬೆಲೆ ನಂಬಲಾರದಷ್ಟು ಕಡಿಮೆ ಇದ್ದರೆ ನಂಬಬೇಡಿ, ಮನೆಗೆ ಬಂದ ತಕ್ಷಣ ತೂಗಿ.

ಕೇಬಲ್ ಬಗ್ಗೆ ಜಾಸ್ತಿ ಹೇಳಲ್ಲ. ಮೈಕ್ ಹಾಳಾಯಿತು ಅಂದಾಗ ಹತ್ತರಲ್ಲಿ ಒಂಬತ್ತು ಸಲ ಹಾಳಾಗಿರುವುದು ಕೇಬಲ್. ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ತುದಿಯ ಮೂರು ಪಿನ್ನಿನ ಪ್ಲಗ್) ಬೆಸುಗೆ ಹಾಕಲು ಕಲಿಯಿರಿ, ಕೇಬಲ್ ಅನ್ನು ಮೊಣಕೈಗೆ ಸುತ್ತಿ ಹಗ್ಗದ ಹಾಗೆ ಬಿಗಿಯಬೇಡಿ.

ಕಿವಿಯ ವಿಷಯ ಬೇರೆ. ಅದು ಮೈಕ್ ರಿವ್ಯೂನಲ್ಲಿ ಯಾಕೆ ಅಂದರೆ, ಕಿವಿ ಹೋದವನು ಮೊದಲು ತಪ್ಪು ಮಾಡುವುದು ಮೈಕ್ ಲೆವೆಲ್‌ನಲ್ಲೇ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುತ್ತಾರೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ನಾವು ನಿಲ್ಲುವುದು ಐದು ಗಂಟೆ. ನನ್ನ ಜೊತೆ ಶುರು ಮಾಡಿದ ಒಬ್ಬ ಗೆಳೆಯ ಕಿವಿಯಲ್ಲಿ ಸದಾ ಕೇಳುವ ಗುಂಯ್ ಸದ್ದಿನಿಂದಾಗಿ ಈ ಕೆಲಸವನ್ನೇ ಬಿಟ್ಟ, ಬಿಡುವ ಮೊದಲಿನ ವರ್ಷದಲ್ಲಿ ಅವನ ಮೈಕ್ ಕಿವಿ ಕೊರೆಯುವಷ್ಟು ಚೂಪಾಗಿರುತ್ತಿತ್ತು. ಮೇಲಿನ ದನಿ ಅವನಿಗೆ ಕೇಳುತ್ತಿರಲಿಲ್ಲ, ಅದಕ್ಕೆ ಏರಿಸುತ್ತಾ ಹೋಗುತ್ತಿದ್ದ. ಯಾರೂ ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಎಲ್ಲ ದನಿಯನ್ನೂ ಸಮವಾಗಿ ಇಳಿಸುವ, ಸಂಗೀತಗಾರರು ಹಾಕುವ ಇಯರ್‌ಪ್ಲಗ್ ಹಾಕುತ್ತೇನೆ. ಒಂದು ಎಚ್ಚರ: ಪ್ಲಗ್ ಹಾಕಿಕೊಂಡರೆ ನಮ್ಮ ದನಿ ನಮ್ಮ ತಲೆಯೊಳಗೇ ದೊಡ್ಡದಾಗಿ ಕೇಳುತ್ತದೆ, ಗೊತ್ತಿಲ್ಲದೆ ಮೆಲ್ಲಗೆ ಮಾತಾಡಲು ಶುರು ಮಾಡುತ್ತೇವೆ. ಮೀಟರ್ ನೋಡಿಕೊಂಡು ಮಾತಾಡಿ.

ಇದಕ್ಕಿಂತ ಒಳ್ಳೆಯ ಮೈಕ್ ಇಲ್ಲವಾ? ಇವೆ. ಇದೇ ಕಂಪನಿಯ ಬೀಟಾ 58ಎ ಔಟ್‌ಪುಟ್ ಜಾಸ್ತಿ, ದನಿ ಹೆಚ್ಚು ಸ್ವಚ್ಛ. ಹಾಡುವವರಿಗೆ, ಮೈಕ್ ಹಿಡಿಯಲು ಬರುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ಅದು ಸೂಪರ್‌ಕಾರ್ಡಿಯಾಯ್ಡ್, ಸದ್ದು ಹಿಡಿಯುವ ಜಾಗ ಕಿರಿದು, ಬಾಯಿ ಸ್ವಲ್ಪ ಪಕ್ಕಕ್ಕೆ ಹೋದರೂ ದನಿ ಬೀಳುತ್ತದೆ. ಭಾಷಣ ಮಾಡುವ ಮಾವಂದಿರು ಮಾತಾಡುತ್ತಾ ನೆಂಟರ ಕಡೆ ತಿರುಗುತ್ತಾರೆ, ಮೈಕ್ ಮಾತ್ರ ಇದ್ದಲ್ಲೇ ಇರುತ್ತದೆ. ಎಸ್‌ಎಂ58 ಅದನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಮನೆಯಲ್ಲಿ ಕೂತು ಪಾಡ್‌ಕಾಸ್ಟ್ ಮಾಡುವವರು ಇದನ್ನು ಕೊಳ್ಳಬೇಡಿ, ಬೇರೆ ಚೆನ್ನಾಗಿರುವವು ಸಿಗುತ್ತವೆ. ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿದದ್ದು ಆ ಕಡಿಮೆ ಔಟ್‌ಪುಟ್‌ಗೆ.

ಕೊನೆಗೆ ಒಂದು ವಿಷಯ, ಯಾರೂ ಮಾಡದ್ದು: ತೊಳೆಯಿರಿ. ಒಂದು ಸಂಜೆಗೆ ಹದಿನೈದು ಬಾಯಿ ಆ ಜಾಲರಿಗೆ ತಾಗುತ್ತದೆ. ಜಾಲರಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಒಳಗೆ ಫೋಮ್ ಇದೆ, ಎರಡನ್ನೂ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಕ್ಯಾಪ್ಸೂಲ್‌ಗೆ ಒಂದು ಹನಿ ನೀರೂ ತಾಗಬಾರದು. ಜಾಲರಿ ಬಿಡಿಯಾಗಿಯೂ ಸಿಗುತ್ತದೆ, ಚಪ್ಪಟೆಯಾದದ್ದನ್ನು ಯಾಕೆ ಬದಲಿಸಿಲ್ಲ ಅಂತ ಹೆಂಡತಿ ಕೇಳುತ್ತಾಳೆ. ಕತ್ತಲಲ್ಲಿ ಪೆಟ್ಟಿಗೆಗೆ ಕೈ ಹಾಕಿದರೆ ಯಾವುದು ನನ್ನದು ಅಂತ ಆ ತಗ್ಗಿನಿಂದಲೇ ಗೊತ್ತಾಗುತ್ತದೆ. ನಾಳೆ ಸಂಜೆ ಒಂದು ಬೆಳ್ಳಿ ಹಬ್ಬದ ಕಾರ್ಯಕ್ರಮ ಇದೆ, ಆ ದಂಪತಿಯ ಹತ್ತನೇ ವರ್ಷದ ಕಾರ್ಯಕ್ರಮವನ್ನೂ ನಾನೇ ಮಾಡಿದ್ದೆ. ಜಾಲರಿ ತೊಳೆದು ಕಿಟಕಿ ಹತ್ತಿರ ಇಟ್ಟಿದ್ದೇನೆ. ಫೋಮ್ ಇನ್ನೂ ಒದ್ದೆ ಇದೆ.